ಬಿಕ್ಕದ ಗವಿಯಪ್ಪನಿಗೆ ಬಿಕ್ಕಳಿಕೆ ಬಂದದ್ದು

ನಮ್ಮೂರಲ್ಲಿ ಕ್ಷೌರಕ್ಕೆ ಕೂತೋನು ಕತ್ತಿ ಹರಿತವಾಗೈತಾ ಅಂತ ಕೇಳಲ್ಲ. ಲೈಬ್ರರೀಲಿ ಇವತ್ತು ಯಾರ ಮನೆ ಪುಸ್ತಕ ಓದ್ತಾ ಅವ್ರೆ ಅಂತ ಕೇಳ್ತಾನೆ. ಯಾಕಂದ್ರೆ ಅಲ್ಲಿ ಹಳೇ ಪುಸ್ತಕ ಬಿಚ್ಚಿ ಸತ್ತೋರ ಹೆಸರನ್ನ ಬಾಯಿಬಿಟ್ಟು ಓದಿದ್ರೆ ಸಾಕು, ಆ ಸತ್ತೋರ ವಂಶದಲ್ಲಿ ಬದುಕಿರೋರಿಗೆಲ್ಲ, ಊರಲ್ಲಿ ಯಾವ ಮೂಲೇಲಿದ್ರೂ, ಮೂರು ಸಲ ಬಿಕ್ಕಳಿಕೆ ಬರುತ್ತೆ. ಮೂರೇ. ನಾಲ್ಕನೇದು ಬಂದ್ರೆ ಅದು ತಾತನದಲ್ಲ, ಗಬಗಬ ತಿಂದ ಅವಲಕ್ಕೀದು. ಮನಸ್ಸಲ್ಲೇ ಓದ್ಕೊಂಡ್ರೆ ಏನೂ ಆಗಲ್ಲ. ಬದುಕಿರೋರ ಹೆಸರು ಓದಿದ್ರೂ ಏನೂ ಆಗಲ್ಲ. ಆ ಕಟ್ಟಡದಿಂದ ಆಚೆ ನಿಂತು ಗಂಟಲು ಹರಿಯೋ ಹಂಗೆ ಕೂಗಿದ್ರೂ ಇಲ್ಲ. ಯಾಕೆ ಹಂಗೆ ಅಂತ ನನ್ನ ಕೇಳ್ಬೇಡಿ, ನಾನು ಎರಡನೇ ಕ್ಲಾಸಲ್ಲೇ ಸ್ಲೇಟು ಒಡೆದು ಮನೆಗೆ ಬಂದೋನು.

ಊರು ಇದಕ್ಕೆ ಹೊಂದ್ಕೊಂಡೈತೆ. ಲೈಬ್ರರಿ ಬಾಗಿಲ ಪಕ್ಕ ಒಂದು ಕರೀ ಹಲಗೆ. ಯಾವ ಮನೆತನ, ಯಾರು ಓದಿಸ್ತಾರೆ, ಎಷ್ಟು ಗಂಟೆಗೆ ಅಂತ ಬೆಳಿಗ್ಗೇನೇ ಸುಣ್ಣದ ಕಡ್ಡೀಲಿ ಬರೆದಿರ್ತಾರೆ. ಓದೋಕೆ ಮುಂಚೆ ಗಂಟೆ ಹೊಡೀತಾರೆ. ಗಂಟೆ ಕೇಳಿದ್ದೇ ಆ ಮನೆತನದ ದರ್ಜಿ ಮಿಷನ್ನು ನಿಲ್ಲಿಸ್ತಾನೆ. ಆ ಮನೆತನದ ಡ್ರೈವರು ಬಸ್ಸನ್ನ ಹುಣಸೇಮರದ ಕೆಳಗೆ ಹಾಕಿ ಇಳೀತಾನೆ, ಒಳಗಿರೋ ಜನ ಒಂದು ಮಾತೂ ಆಡ್ದೆ ಕಡಲೇಕಾಯಿ ಸುಲೀತಾರೆ. ಮದುವೆ, ಪರೀಕ್ಷೆ, ಸಂಗೀತ ಕಚೇರಿ ಅಂತ ಏನಾದ್ರೂ ಇದ್ರೆ ಹೆಸರು ಮುಚ್ಚಿಸ್ಬಹುದು. ಆ ಮನೆ ಪುಸ್ತಕಕ್ಕೆ ಕೆಂಪು ಬಟ್ಟೆ ಸುತ್ತಿ ಇಟ್ಟುಬಿಡ್ತಾರೆ, ಆ ಕೆಲಸ ಮುಗಿಯೋವರೆಗೂ ಅದನ್ನ ಯಾರೂ ಬಿಚ್ಚೋ ಹಂಗಿಲ್ಲ. ಹೆಣ್ಣು ನೋಡೋ ಶಾಸ್ತ್ರದ ಅರ್ಧ ನಡೆಯೋದೂ ಲೈಬ್ರರೀಲೇ. ಎರಡೂ ಕಡೆಯೋರು ಅಂಚಿನ ಮಟ್ಟ ನೀರು ತುಂಬಿದ ಚೊಂಬು ಹಿಡ್ಕೊಂಡು ಕೂತ್ಕೋಬೇಕು. ಅವರ ಹಿರೀಕರ ಹೆಸರು ಓದಿದಾಗ ಇವರ ಚೊಂಬು ತುಳುಕಿದ್ರೆ ಎರಡೂ ಒಂದೇ ಬಳ್ಳಿ ಅಂತ ಆಯ್ತು. ಆಗ ಕಾಫಿ ಕುಡಿದು ಅಣ್ಣ ತಂಗೀರಾಗಿ ಮನೆಗೆ ಹೋಗ್ತಾರೆ. ಒಂದ್ಸಲ ಒಬ್ಬ ಕಳ್ಳ ರಾಗಿ ಕಣಜದ ಒಳಗೆ ಬಚ್ಚಿಟ್ಕೊಂಡಿದ್ದ. ಪೊಲೀಸಿನೋರು ಹುಡುಕೋಕೆ ಹೋಗ್ಲಿಲ್ಲ, ಲೈಬ್ರರಿಗೆ ಹೋಗಿ ಅವನ ಮುತ್ತಾತನ ಹೆಸರು ಓದಿಸಿದ್ರು. ಕಣಜ ಮೂರು ಸಲ ಬಿಕ್ಕಳಿಸ್ತು. ಇದಕ್ಕೆ ಸಾಕ್ಷಿ ಬೇಕಿದ್ರೆ ಆ ಕಣಜ ಇನ್ನೂ ಐತೆ.

ಬಿಕ್ಕಳಿಕೆ ಬಂದೋರು ಸುಮ್ನಿರೋ ಹಂಗಿಲ್ಲ, ಅದೂ ಪದ್ಧತೀನೇ. ಹಲಗೆ ಮೇಲೆ ಓದಿಸ್ತಿರೋರ ಹೆಸರು ಇರುತ್ತಲ್ಲ, ಅವರು ಹೆಚ್ಚಾಗಿ ತಮ್ಮೋರೇ ಆಗಿರ್ತಾರೆ, ಅಣ್ಣನ ಮಗನೋ ಚಿಕ್ಕಪ್ಪನೋ. ಲೈಬ್ರರಿ ಕಡೆ ಮುಖ ಮಾಡಿ ಅವರ ಹೆಸರು ಹಿಡಿದು ಬೈಬೇಕು. ಬೈದಾದ್ಮೇಲೆ ನೀರು ಕುಡೀಬೇಕು. ಮೊದಲೇ ಕುಡಿದ್ರೆ ಬಿಕ್ಕಳಿಕೆ ಒಳಗೇ ಉಳ್ಕೊಳುತ್ತೆ ಅಂತಾರೆ. ಬೇಸಿಗೇಲಿ ನೀವು ನಮ್ಮ ಬೀದೀಲಿ ನಡೆದು ಹೋದ್ರೆ ಒಂದು ಕಿಟಕಿಯಿಂದ ಮುದುಕಿ, ಒಂದು ಮಾಳಿಗೆಯಿಂದ ಹುಡುಗಿ, ಒಂದು ಬಚ್ಚಲಿಂದ ಸೋಪು ಹಚ್ಕೊಂಡಿರೋನು, ಎಲ್ರೂ ಒಬ್ಬನ್ನೇ ಬೈತಿರೋದು ಕೇಳುತ್ತೆ. ಬೈಸ್ಕೊಂಡೋನು ಲೈಬ್ರರಿ ಮೆಟ್ಟಿಲ ಮೇಲೆ ನಿಂತು, ಮದುವೆ ಮನೇಲಿ ಹಾರ ಹಾಕಿಸ್ಕೊಂಡೋನ ಥರ ನಗ್ತಿರ್ತಾನೆ. ನಾನು ಎಷ್ಟೋ ಸಲ ಅಲ್ಲಿ ನಿಂತು ಬೇರೆಯೋರ ಬೈಗುಳ ಕೇಳಿಸ್ಕೊಂಡಿದ್ದೀನಿ. ನನ್ನ ಬೈಯೋರು ಯಾರೂ ಇರ್ಲಿಲ್ಲ.

ಯಾಕಂದ್ರೆ ನಂಗೆ ಬಿಕ್ಕಳಿಕೇನೇ ಬಂದಿರ್ಲಿಲ್ಲ. ನನ್ನ ಹೆಸರು ಗವಿಯಪ್ಪ, ಊರಿಗೆಲ್ಲ ಬಿಕ್ಕದ ಗವಿಯಪ್ಪ. ನನ್ನ ಸಾಕಿದೋಳು ಸಂತೇಲಿ ಸೊಪ್ಪು ಬದನೆಕಾಯಿ ಮಾರೋ ತೊಳಸವ್ವ. ಅವಳು ಹೇಳೋ ಪ್ರಕಾರ ಒಂದು ದಿನ ಬಿಸಿಲು ಜಾಸ್ತಿ ಆಯ್ತು ಅಂತ ಬದನೆಕಾಯಿ ಬುಟ್ಟಿಗೆ ನೀರು ಚಿಮುಕಿಸಿದಳಂತೆ, ಅದ್ರಲ್ಲೊಂದು ಬದನೆಕಾಯಿ ಅತ್ತುಬಿಡ್ತಂತೆ. ಅದೇ ನಾನು. ಹೆತ್ತೋರು ಯಾರೋ, ಯಾವ ಊರೋ. ಹಂಗಾಗಿ ಲೈಬ್ರರೀಲಿ ಯಾರ ಹೆಸರು ಓದಿದ್ರೂ ನನ್ನ ಗಂಟಲು ಅಲ್ಲಾಡ್ತಿರ್ಲಿಲ್ಲ, ನಲವತ್ತಾರು ವರ್ಷ.

ಅದೇ ನಂಗೆ ಅನ್ನ ಹಾಕ್ತು. ಮಕ್ಕಳ ಕಿವಿ ಚುಚ್ಚೋದು ನಮ್ಮ ಕೆಲಸ ಅಂತ ಅಕ್ಕಸಾಲಿಗರು ಹೇಳ್ತಾರೆ, ನಿಜಾನೇ. ಆದ್ರೆ ನಮ್ಮೂರ ಅಕ್ಕಸಾಲಿಗರ ಬೀದೀಲಿ ಮೂರು ಮನೆತನ, ಯಾರ ತಾತ ಮೊದಲು ಊರಿಗೆ ಬಂದಿದ್ದು ಅಂತ ಮೂವತ್ತು ವರ್ಷದ ವಾದ. ದಿನಾ ಒಬ್ಬರಲ್ಲ ಒಬ್ಬರು ಪುಸ್ತಕ ಓದಿಸ್ತಾನೇ ಇರ್ತಾರೆ. ಅಂಥ ಕೈಗೆ ಯಾವ ತಾಯಿ ತಾನೇ ಮಗೂನ ಕೊಡ್ತಾಳೆ. ನನ್ನ ಕರೆಯೋಕೆ ಶುರು ಮಾಡಿದ್ರು. ಕಾಡಿಗೇಲಿ ಚುಕ್ಕೆ ಇಡು, ಸೋದರಮಾವನ ತೊಡೆ ಮೇಲೆ ಮಗೂನ ಕೂರಿಸು, ಬಾಯಿಗೆ ಬೆಲ್ಲ ಇಡು, ಚಿನ್ನದ ತಂತಿ ತೂರಿಸು, ಎಣ್ಣೆ ಅರಿಶಿನ ಹಚ್ಚು. ಒಂದು ಮಗು ಒಂದು ಕಿವಿ ಚುಚ್ಚಿಸ್ಕೊಂಡು ನಕ್ಕು, ಇನ್ನೊಂದು ಕಿವಿ ತಾನೇ ತಿರುಗಿಸಿ ಕೊಟ್ಟಿತ್ತು. ನಂಬದೇ ಇದ್ರೆ ಬಿಡಿ, ಆ ಮಗು ಈಗ ಪೋಸ್ಟಾಫೀಸಲ್ಲಿ ಮುದ್ರೆ ಒತ್ತುತ್ತೆ, ಹೋಗಿ ಕೇಳಿ.

ಇಷ್ಟೆಲ್ಲ ಚೆನ್ನಾಗಿದ್ದಾಗ ಒಂದು ಸೋಮವಾರ ಬೆಳಿಗ್ಗೆ ಅಕ್ಕಿ ಮಿಲ್ಲಿನ ಭೃಂಗೇಶಪ್ಪನೋರ ಮನೇಲಿ ಅವರ ಮೊಮ್ಮಗಳ ಕಿವಿ ಚುಚ್ತಾ ಇದ್ದೆ. ಎಡಗಿವಿ ಆಯ್ತು. ಬಲಗಿವೀಗೆ ತಂತಿ ಇಟ್ಟೆ. ಆಗ ನನ್ನ ಎದೆ ಒಳಗಿಂದ ಯಾರೋ ಬಾಗಿಲು ಬಡಿದಂಗಾಯ್ತು. ಏನು ಅಂತ ಗೊತ್ತಾಗೋಕೆ ಮುಂಚೆ ಇನ್ನೊಂದು. ಮೂರನೇದು ಬರೋ ಹೊತ್ತಿಗೆ ತಂತಿ ಚುಕ್ಕೆ ಬಿಟ್ಟು ಒಂದು ಅಕ್ಕಿಕಾಳಿನಷ್ಟು ಮೇಲೆ ಹೋಗಿತ್ತು. ಮಗು ಕಿರುಚ್ತು. ಮನೆ ಮಂದಿಯೆಲ್ಲ ಮಗೂನ ನೋಡ್ಲಿಲ್ಲ, ನನ್ನ ನೋಡಿದ್ರು. ಭೃಂಗೇಶಪ್ಪನೋರು ತಾಂಬೂಲದ ತಟ್ಟೆ ಕೆಳಗಿಟ್ಟು, ನಿಂಗೆ ಬಿಕ್ಕಳಿಕೆ ಬಂತೇನಯ್ಯಾ ಅಂದ್ರು. ನಂಗೇ ನಗು ಬರ್ತಿತ್ತು, ಭಯಾನೂ ಆಗ್ತಿತ್ತು. ಯಾರೋ ನನ್ನ ಕರೆದವ್ರೆ, ಯಾರು.

ತಂತಿ ಡಬ್ಬಿ ಕಂಕುಳಲ್ಲಿಟ್ಕೊಂಡು ಲೈಬ್ರರಿಗೆ ಓಡಿದೆ. ಅಲ್ಲಿ ಆಗ್ಲೇ ಜಾತ್ರೆ. ಅರ್ಧ ಮೀಸೆ ಬೋಳಿಸ್ಕೊಂಡೋನು ಒಬ್ಬ, ತೋಳಿಲ್ಲದ ರವಿಕೆ ಹಿಡ್ಕೊಂಡು ಬಂದ ದರ್ಜಿ ಒಬ್ಬ, ಪುರಸಭೆ ಅಧ್ಯಕ್ಷರು ಬೇರೆ, ಭಾಷಣದ ಮಧ್ಯೆ ಬಿಕ್ಕಳಿಕೆ ಬಂದು ಜನ ಅವರು ಅಳ್ತಾ ಅವ್ರೆ ಅಂತ ಚಪ್ಪಾಳೆ ತಟ್ಟಿದ್ರಂತೆ. ಗಂಟೆ ಹೊಡೀದೆ, ಹಲಗೆ ಮೇಲೆ ಬರೀದೆ ಹೆಸರು ಓದಿದೋರು ಯಾರು ಅಂತ ಎಲ್ರೂ ಕೇಳ್ತಾ ಇದ್ರು. ಲೈಬ್ರರಿ ನೋಡ್ಕೊಳೋ ವಾರಿಜಮ್ಮನೋರು ಬಾಗಿಲಿಗೆ ಅಡ್ಡ ನಿಂತಿದ್ರು. ಆಯಮ್ಮ ಇಪ್ಪತ್ತೈದು ವರ್ಷದಿಂದ ಅಲ್ಲಿ ಅವ್ರೆ. ಕನ್ನಡಕ ಮೂಗಿನ ತುದೀಗೆ ಬಂತು ಅಂದ್ರೆ ಎಂಥೋನೂ ಚಪ್ಪಲಿ ಬಿಟ್ಟು ಒಳಗೆ ಬರ್ತಾನೆ. ಅವರ ಹಿಂದೆ ರಿಟೈರಾದ ಪುಟ್ಟರಂಗ ಮೇಷ್ಟ್ರು, ತುಪ್ಪ ಕದ್ದೋರ ಥರ.

ವಿಷಯ ಇಷ್ಟೇ. ಮೇಷ್ಟ್ರು ಊರಿನ ಚರಿತ್ರೆ ಬರೀತಾ ಅವ್ರೆ, ಹನ್ನೊಂದು ವರ್ಷದಿಂದ. ಹಳೇ ಕೋಟೆ ಬಾಗಿಲ ಮೇಲಿನ ಕೋಣೆಗೆ ಹೆಂಚು ಹೊದಿಸೋವಾಗ ಒಂದು ಗಂಟು ಸಿಕ್ಕಿತ್ತು, ಅದನ್ನ ಲೈಬ್ರರಿಗೆ ತಂದಿದ್ರು. ಬಿಚ್ಚಿ ನೋಡಿದ್ರೆ ಬಾಗಿಲು ಕಾಯೋನು ಬರೆದಿಟ್ಟ ಪುಸ್ತಕ. ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಯಾರ್ಯಾರು ತಲೆ ಮೇಲೆ ಏನೇನು ಹೊತ್ಕೊಂಡು ಒಳಗೆ ಬಂದ್ರು ಅಂತ. ಒಂದು ಸಂತೆ ದಿನದ್ದೇ ನಾಲ್ಕು ಪುಟ. ಮೇಷ್ಟ್ರಿಗೆ ಖುಷಿ ತಡೆಯೋಕಾಗದೆ ಗಟ್ಟಿಯಾಗಿ ಓದ್ಕೊಂಡು ಹೋಗಿದ್ರು, ನೂರಾ ಅರವತ್ತು ಹೆಸರು. ವಾರಿಜಮ್ಮನೋರೂ ಪಕ್ಕದಲ್ಲೇ ಕೂತು ಕೇಳಿದ್ರಂತೆ, ಗಂಟೆ ನೆನಪೇ ಆಗ್ಲಿಲ್ಲವಂತೆ. ಮೇಷ್ಟ್ರು ತಲೆ ತಗ್ಗಿಸಿ ಹೇಳಿದ್ರು, "ಬರೀ ಹೊರೆ ಹೊತ್ತೋರ ಹೆಸರು ಕಣ್ರಪ್ಪಾ. ಇವರು ಯಾರ ತಾತ ಅಜ್ಜಿ ಆಗಿರ್ತಾರೆ ಅಂದ್ಕೊಂಡೆ." ಅಧ್ಯಕ್ಷರು ಟೋಪಿ ಸರಿಮಾಡ್ಕೊಂಡು, ಯಾವುದೋ ಬೇರೆ ಪುಸ್ತಕಾನೂ ಓದಿರ್ಬೇಕು ನೋಡಿ ಅಂದ್ರು.

ನೂರಾ ಅರವತ್ತರಲ್ಲಿ ಒಂದು ನನ್ನದು. ಆದ್ರೆ ನಂಗಿಂತ ಮುಂಚೆ ಸುದ್ದಿ ಊರೆಲ್ಲ ಸುತ್ತಿತ್ತು. ಆ ವಾರ ಶುಕ್ರವಾರ ಛತ್ರದಲ್ಲಿ ವರ್ಷಕ್ಕೊಂದ್ಸಲ ಮಾಡೋ ಕಿವಿ ಚುಚ್ಚೋ ಶಾಸ್ತ್ರ, ಇಪ್ಪತ್ತೆರಡು ಮಕ್ಕಳು. ಛತ್ರದ ಯಜಮಾನಿಕೆ ಭೃಂಗೇಶಪ್ಪನೋರದೇ. ಮಧ್ಯಾಹ್ನ ಅವರೇ ಲೈಬ್ರರಿಗೆ ಬಂದ್ರು. ಬೈಲಿಲ್ಲ. ನನ್ನ ಭುಜದ ಮೇಲೆ ಕೈ ಇಟ್ಟು, "ಗವಿಯಪ್ಪಾ, ಬಿಕ್ಕಳಿಕೆ ಬರೋದು ತಪ್ಪಲ್ಲ. ನಂಗೂ ಬರುತ್ತೆ, ಆವತ್ತು ಹೆಸರು ಮುಚ್ಚಿಸ್ತೀನಿ. ನೀನು ಯಾರ ಹೆಸರು ಮುಚ್ಚಿಸ್ತೀಯ? ಹೆಸರು ಗೊತ್ತಿಲ್ಲದೋನ ಕೈಗೆ ನಲವತ್ನಾಲ್ಕು ಕಿವಿ ಕೊಡೋಕಾಗಲ್ಲಪ್ಪ" ಅಂದ್ರು. ಗುರುವಾರದೊಳಗೆ ಹೆಸರು ಸಿಕ್ಕಿದ್ರೆ ಸರಿ, ಇಲ್ಲದಿದ್ರೆ ಪಟ್ಟಣದ ಆಸ್ಪತ್ರೆಯಿಂದ ಕಿವಿ ಚುಚ್ಚೋ ಸೂಜಿ ಪಿಸ್ತೂಲು ತರಿಸ್ತೀವಿ, ಇನ್ಮೇಲೆ ಅದೇ ಅಂದ್ರು. ನ್ಯಾಯಾನೇ. ನಿನ್ನೆವರೆಗೆ ನಂಗೆ ಯಾರೂ ಇಲ್ಲ ಅಂತ ಕೆಲಸ ಕೊಡ್ತಿದ್ರು, ಇವತ್ತು ಯಾರೋ ಅವ್ರೆ ಆದ್ರೆ ಯಾರು ಅಂತ ಗೊತ್ತಿಲ್ಲ ಅಂತ ಕೆಲಸ ಹೋಗ್ತಿತ್ತು.

ವಾರಿಜಮ್ಮನೋರು ಕನ್ನಡಕ ಒರೆಸ್ಕೊಂಡು, ನಾಳೆಯಿಂದ ಬಂದು ಕೂರಯ್ಯ, ಒಂದೊಂದೇ ಹೆಸರು ಓದ್ತೀನಿ ಅಂದ್ರು. ಸಂಜೆ ಮನೇಗೆ ಹೋದೆ. ತೊಳಸವ್ವ ಜಗಲಿ ಮೇಲೆ ಅವರೆಕಾಯಿ ಸುಲೀತಿದ್ದಳು. ಎಂಬತ್ತು ದಾಟಿರ್ಬೇಕು, ಸರಿಯಾಗಿ ಗೊತ್ತಿಲ್ಲ, ಇವತ್ತಿಗೂ ಸೊಪ್ಪಿನ ಬುಟ್ಟಿ ಹೊತ್ಕೊಂಡೇ ಸಂತೆಗೆ ಹೋಗ್ತಾಳೆ. ಅವ್ವಾ, ನಂಗಿವತ್ತು ಬಿಕ್ಕಳಿಕೆ ಬಂತು ಅಂದೆ. ಅವಳ ಬೆರಳು ನಿಂತ್ಹೋಯ್ತು. ಆಮೇಲೆ ಕಾಳಲ್ಲಿ ಸೊಗಡಿಲ್ಲ ಈ ವರ್ಷ ಅಂದಳು. ಇನ್ನೊಂದು ಸಲ ಹೇಳಿದೆ. ಮಜ್ಜಿಗೆ ಹುಳಿಯಾಗಿತ್ತೇನೋ, ಸಂತೇಲೂ ಸುಮಾರು ಜನಕ್ಕೆ ಬಂತು ಅಂತ ಎದ್ದು ಒಳಗೆ ಹೋದಳು. ಆಗ ನಂಗೆ ಏನೂ ಹೊಳೀಲಿಲ್ಲ. ನಾನು ಸ್ಲೇಟು ಒಡೆದೋನು ಅಂತ ಮೊದಲೇ ಹೇಳಿದ್ದೀನಿ.

ಮಂಗಳವಾರ ಬೆಳಿಗ್ಗೆ ಲೈಬ್ರರಿ ನಡುಮನೆಯಲ್ಲಿ ನನ್ನ ಒಂದು ಸ್ಟೂಲ್ ಮೇಲೆ ಕೂರಿಸಿದ್ರು. ಕೈಲಿ ತುಂಬಿದ ಚೊಂಬು. ಹಲಗೆ ಮೇಲೆ ಕೋಟೆ ಬಾಗಿಲ ಪುಸ್ತಕ, ದಿನಪೂರ್ತಿ, ಎಲ್ಲ ಮನೆಯೋರೂ ಎಚ್ಚರ ಅಂತ ಬರೆದಿದ್ರು. ಕ್ಷೌರದ ಅಂಗಡಿ ಮುಚ್ಚಿತ್ತು. ಬಸ್ಸು ಬಿಡ್ಲಿಲ್ಲ. ಕೆಲಸ ಇಲ್ಲದ ಮೇಲೆ ಊರು ಎಲ್ಲಿಗೆ ಹೋಗುತ್ತೆ, ಲೈಬ್ರರಿಗೇ ಬಂತು. ಬೆಂಚಿನ ಮೇಲೆ ಒತ್ತಾಗಿ ಕೂತ್ರು, ಕೆಲವರು ಚೊಂಬು ತಂದಿದ್ರು, ಕೆಲವರು ಬುತ್ತಿ. ಮೇಷ್ಟ್ರು ಗಡಿಯಾರ ಹಿಡಿದಿದ್ರು. ವಾರಿಜಮ್ಮನೋರು ಗಂಟೆ ಹೊಡೆದು ಓದೋಕೆ ಶುರು ಮಾಡಿದ್ರು. ಮಡಕೆ ಹೊರೆ, ಸಿದ್ಧ. ಐದು ನಿಮಿಷ ಕಾಯೋದು. ನನ್ನ ಚೊಂಬು ಅಲ್ಲಾಡ್ಲಿಲ್ಲ. ಬೆಂಚಿನ ಮೇಲೆ ಮೂರು ಜನ ಬಿಕ್ಕಳಿಸಿದ್ರು, ಆಚೆ ರಸ್ತೇಲಿ ಒಬ್ಬ. ಕಟ್ಟಿಗೆ ಹೊರೆ, ಮೂಗೂರ. ಉಪ್ಪಿನ ಮೂಟೆ, ಬಸವಿ. ಕಂಬಳಿ ಗಂಟು, ಬೀರ.

ಹತ್ತು ಹೆಸರಾಗೋ ಹೊತ್ತಿಗೆ ನನ್ನ ಮರೆತುಬಿಟ್ರು ಜನ. ಅವರವರ ಮುಖ ಅವರವರು ನೋಡ್ಕೊಳೋದೇ ಆಯ್ತು. ಗೋಡೆ ವಿಷಯಕ್ಕೆ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಎರಡು ಮನೆಯೋರು ಉಪ್ಪಿನ ಬಸವಿಗೆ ಒಟ್ಟಿಗೆ ಬಿಕ್ಕಳಿಸಿದ್ರು, ಈಗ ಗೋಡೆ ಇತ್ಲಾಗಿನೋರಿಗೆ ಸೂತಕ ಆದ್ರೆ ಅತ್ಲಾಗಿನೋರು ಸ್ನಾನ ಮಾಡ್ಬೇಕು. ಬೆರಣಿ ಬುಟ್ಟಿ, ಕರಿಯವ್ವ ಅಂತ ಓದಿದಾಗ ಮೊದಲನೇ ಸಾಲಲ್ಲಿ ಕೂತಿದ್ದ ಅಧ್ಯಕ್ಷರಿಗೆ ಬಂತು. ಅದೇ ಕ್ಷಣಕ್ಕೆ ಮೂಲೇಲಿ ಕಸ ಗುಡಿಸ್ತಿದ್ದ ಲೈಬ್ರರಿ ಆಯಾ ನಿಂಗಿಗೂ ಬಂತು. ಇಬ್ರೂ ಮೂರು ಸಲ, ತಾಳ ಹಾಕಿದಂಗೆ. ಅಧ್ಯಕ್ಷರು ಸ್ವಲ್ಪ ಹೊತ್ತು ಮೇಲೆ ಫ್ಯಾನ್ ನೋಡಿದ್ರು. ನಿಂಗಿ ಪೊರಕೆ ಗೋಡೆಗೆ ಒರಗಿಸಿ, ಸೊಂಟದ ಮೇಲೆ ಕೈ ಇಟ್ಕೊಂಡು, ಬಿಕ್ಕಳಿಕೆ ಬಂದ್ಮೇಲೆ ತಮ್ಮೋರನ್ನ ಬೈಬೇಕಲ್ಲ, ಈಗ ನಾನು ಅಧ್ಯಕ್ಷರನ್ನ ಅಣ್ಣ ಅಂತ ಬೈಲೋ ಮಾವ ಅಂತ ಬೈಲೋ ಅಂತ ವಾರಿಜಮ್ಮನೋರನ್ನ ಕೇಳಿದಳು. ಅಧ್ಯಕ್ಷರೇ ನಕ್ಕುಬಿಟ್ರು. ಮಾರನೇ ದಿನ ಅವಳಿಗೆ ಒಂದು ಕುರ್ಚಿ ಬಂದಿತ್ತು. ಅದರ ಮೇಲೆ ಅವಳು ಬಕೀಟು ಇಟ್ಟಿದ್ದಳು.

ಮಂಗಳವಾರ ತೊಂಬತ್ತು ಹೆಸರಾಯ್ತು. ನನ್ನ ಚೊಂಬಲ್ಲಿ ಒಂದು ತೊಟ್ಟೂ ಚೆಲ್ಲಲಿಲ್ಲ. ಬುಧವಾರ ಮಧ್ಯಾಹ್ನದ ಹೊತ್ತಿಗೆ ನೂರಾ ನಲವತ್ತು. ಕೈ ಮರಗಟ್ಟಿತ್ತು. ಪ್ರತಿ ಹೆಸರಿಗೂ ಎದೆ ಹತ್ರ ಕಿವಿ ಇಟ್ಟಂಗೆ ಕಾಯ್ತಿದ್ದೆ. ಕಂಬಳಿ ಬೀರ ಆಗಿದ್ರೆ ಏನು, ನಾನು ಕುರುಬರೋನು. ಗಾಣದ ಎಣ್ಣೆ ಲಿಂಗ ಆಗಿದ್ರೆ ಗಾಣಿಗರೋನು. ಒಂದೊಂದು ಹೆಸರಿಗೂ ಒಂದೊಂದು ಮನೆ ಕಟ್ಟಿ, ಅಟ್ಟ ಹಾಕಿ, ಸೋದರತ್ತೆ ಒಬ್ಬಳನ್ನ ಅದರಲ್ಲಿ ಕೂರಿಸಿ, ಐದು ನಿಮಿಷ ಆದ್ಮೇಲೆ ಕೆಡವ್ತಿದ್ದೆ. ಭೃಂಗೇಶಪ್ಪನೋರು ಬಂದು ಹಿಂದೆ ನಿಂತಿದ್ರು. ಆಸ್ಪತ್ರೆಗೆ ಕಾಗದ ಬರೆದು ಜೇಬಲ್ಲೇ ಇಟ್ಕೊಂಡಿದ್ರಂತೆ, ತುದಿ ಕಾಣ್ತಿತ್ತು.

ಆಗ ಬಾಗಿಲ ಹತ್ರ ತೊಳಸವ್ವ ಕಂಡಳು. ನಲವತ್ತಾರು ವರ್ಷದಲ್ಲಿ ಅವಳು ಲೈಬ್ರರಿ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಒಳಗೆ ಬರ್ಲಿಲ್ಲ. ಹೊಸ್ತಿಲ ಆಚೆ ಬುಟ್ಟಿ ಇಳಿಸಿ, ಅದರ ಪಕ್ಕ ಕೂತು, ನಿನ್ನೆಯಿಂದ ಇವನು ಉಂಡಿಲ್ಲ, ಮುದ್ದೆ ತಂದಿದ್ದೀನಿ ಅಂತ ನಿಂಗಿ ಹತ್ರ ಹೇಳ್ತಿದ್ದಳು. ಸುಳ್ಳು. ನಾನು ಹೋಟೆಲಲ್ಲಿ ಎರಡು ಸಲ ಉಂಡಿದ್ದೆ, ಅವಳಿಗೂ ಗೊತ್ತಿತ್ತು. ವಾರಿಜಮ್ಮನೋರು ಕನ್ನಡಕದ ಮೇಲಿಂದ ಅವಳನ್ನ ಒಂದ್ಸಲ ನೋಡಿ ಪುಟ ತಿರುಗಿಸಿದ್ರು. ಹುಲ್ಲಿನ ಹೊರೆ, ಕಾಳ. ಏನೂ ಇಲ್ಲ. ಹೂವಿನ ಕುಕ್ಕೆ, ಚಿಕ್ಕಿ. ಏನೂ ಇಲ್ಲ. ಸೊಪ್ಪಿನ ಬುಟ್ಟಿ, ದ್ಯಾವಿ.

ಎದೆ ಒಳಗೆ ಅದೇ ಬಾಗಿಲು ಬಡಿದ್ರು. ನೀರು ಹಾರಿ ಮೇಷ್ಟ್ರ ಗಡಿಯಾರದ ಮೇಲೆ ಬಿತ್ತು. ಎರಡನೇದಕ್ಕೆ ನನ್ನ ಪಂಚೆ ನೆನೀತು. ಮೂರನೇದು ಬರೋವಾಗ ನಾನು ನನ್ನ ಗಂಟಲನ್ನ ಕೇಳ್ತಿರ್ಲಿಲ್ಲ, ಹೊಸ್ತಿಲ ಕಡೆ ನೋಡ್ತಿದ್ದೆ. ತೊಳಸವ್ವ ಸೆರಗಿನ ತುದಿ ಬಾಯಿಗೆ ಒತ್ಕೊಂಡಿದ್ದಳು. ಅವಳ ಭುಜ ಎಗರ್ತಿತ್ತು. ನಂಗೆ ಬಂದಾಗಲೇ ಅವಳಿಗೆ, ಮೂರು. ಅಷ್ಟರಲ್ಲಿ ರಸ್ತೆ ಆಚೆ ಸಂತೆ ಮೈದಾನದಿಂದ ಸದ್ದು ಬಂತು. ಸೊಪ್ಪು, ಕಾಯಿಪಲ್ಯ ಮಾರೋ ಹೆಂಗಸರ ಸಾಲು ಪೂರ್ತಿ, ಕೆರೆ ತುಂಬಿದಾಗ ಕಪ್ಪೆ ಕೂಗಿದಂಗೆ. ಇಡೀ ಲೈಬ್ರರಿ ಕಿಟಕಿಗೆ ಹೋಯ್ತು ನೋಡೋಕೆ. ನಲವತ್ತು ಹೆಂಗಸರು ತಕ್ಕಡಿ ಹಿಡ್ಕೊಂಡು ಒಬ್ಬರ ಮುಖ ಒಬ್ಬರು ನೋಡ್ತಾ ನಿಂತಿದ್ರು.

ದ್ಯಾವಿ ಯಾರು ಅಂತ ವಾರಿಜಮ್ಮನೋರು ಮೆತ್ತಗೆ ಕೇಳಿದ್ರು. ನಮ್ಮಜ್ಜಿ ಅಂದಳು ತೊಳಸವ್ವ. ಈ ಬುಟ್ಟಿ ಅವಳದೇ, ತಳ ಮಾತ್ರ ಎರಡು ಸಲ ಹೊಸದು ಹಾಕಿಸಿದ್ದೀನಿ ಅಂದಳು. ಮೇಷ್ಟ್ರಿಗೆ ತಡೆಯೋಕಾಗ್ಲಿಲ್ಲ. ಹಂಗಾದ್ರೆ ಇಷ್ಟು ವರ್ಷ ನಿಮಗೂ, ಸಂತೆಯೋರಿಗೂ ಯಾರಿಗೂ ಬಿಕ್ಕಳಿಕೆ ಬಂದೇ ಇರ್ಲಿಲ್ವಾ, ನಮಗೆ ಗೊತ್ತೇ ಆಗ್ಲಿಲ್ಲವಲ್ಲ ಅಂದ್ರು. ಅವಳು ಅವರನ್ನ ಸೊಪ್ಪು ಚೌಕಾಸಿ ಮಾಡೋ ಗಿರಾಕೀನ ನೋಡಿದಂಗೆ ನೋಡಿದಳು. "ಬಂದಿರ್ಲಿಲ್ಲ ಸ್ವಾಮಿ. ಯಾರು ಕೇಳಿದ್ರು?" ಅಂದಳು. ನಂಗೆ ಆಗ ಹೊಟ್ಟೆಯೊಳಗೆ ನಗು ಉಕ್ಕಿ ಬಂತು. ಇಷ್ಟು ವರ್ಷ ನಾನು ಜಗತ್ತಲ್ಲೇ ಒಬ್ಬನೇ ಅಂತ ಬಿರುದು ಇಟ್ಕೊಂಡು ತಿರುಗಿದ್ದು, ರಸ್ತೆ ದಾಟಿದ್ರೆ ನನ್ನಂಥೋರು ನಲವತ್ತು ಜನ ಕೊತ್ತಂಬರಿ ಕಟ್ಟು ಕಟ್ತಾ ಕೂತಿದ್ರು.

ಆದ್ರೆ ನಗು ಅರ್ಧಕ್ಕೇ ನಿಂತುಬಿಡ್ತು. ಯಾಕಂದ್ರೆ ಎಲ್ರೂ ಅವಳನ್ನೇ ನೋಡ್ತಿದ್ರು. ಬದನೆಕಾಯಿ ಬುಟ್ಟಿ ಕಥೆ ಊರಿಗೆಲ್ಲ ಗೊತ್ತು. ಎಲ್ಲಿಂದಲೋ ಬಂದ ಮಗೂಗೆ ಅವಳ ಅಜ್ಜಿ ಹೆಸರಿಗೆ ಯಾಕೆ ಬಿಕ್ಕಳಿಕೆ ಬರ್ಬೇಕು. ನಾನು ಸಿಕ್ಕಿದಾಗ ಅವಳ ಗಂಡ ತೀರ್ಕೊಂಡು ಮೂರು ವರ್ಷ ಆಗಿತ್ತು, ಅದೂ ಊರಿಗೆ ಗೊತ್ತು. ಬೆಂಚಿನ ಮೇಲೆ ವರ್ಷದ ಲೆಕ್ಕ ಹಾಕ್ತಾ ಬೆರಳು ಮಡಚಿ ಬಿಚ್ಚೋದು ನಡೆದಿತ್ತು. ವಾರಿಜಮ್ಮನೋರು ಹೊಸ ಪುಸ್ತಕ ತೆಗೆದಿದ್ರು. ಹೆಸರು ಮುಚ್ಚಿಸ್ಬೇಕು ಅಂದ್ರೆ ಮನೆತನದ ಪುಸ್ತಕ ಇರ್ಬೇಕು, ಪುಸ್ತಕ ಆಗ್ಬೇಕು ಅಂದ್ರೆ ಯಾರಿಗೆ ಯಾರು ಏನಾಗ್ಬೇಕು ಅಂತ ಬರೀಬೇಕು, ಅದು ಕಟ್ಟಳೆ. ದ್ಯಾವಿ ಅಂತ ಬರೆದ್ರು. ಅವಳ ಮಗಳು, ಅವಳ ಮಗಳು ತೊಳಸವ್ವ ಅಂತ ಬರೆದ್ರು. ಲೇಖನಿ ಅಲ್ಲಿ ನಿಂತ್ಹೋಯ್ತು. ಭೃಂಗೇಶಪ್ಪನೋರು ಹಿಂದಿನಿಂದ, ಅದನ್ನೂ ಹೇಳಿಬಿಡಮ್ಮಾ, ಗವಿಯಪ್ಪ ನಿನ್ನ ಸಾಕು ಮಗನೋ ಹೆತ್ತ ಮಗನೋ, ಶುಕ್ರವಾರದ ಕೆಲಸ ಐತೆ ಅಂದ್ರು.

ನಂಗೆ ತಿಳ್ಕೋಬೇಕು ಅಂತ ಇತ್ತು. ಸುಳ್ಳು ಯಾಕೆ ಹೇಳ್ಲಿ, ಆ ಎರಡು ದಿನ ಅದೊಂದೇ ಬೇಕಿತ್ತು. ಆದ್ರೆ ಅವಳ ಕೈ ಬುಟ್ಟಿ ಅಂಚನ್ನ ಹಿಡ್ಕೊಂಡಿದ್ದು ನೋಡಿದೆ. ಕೆಲಸ ಹೋದ್ರೆ ಹೋಗ್ಲಿ, ಪಿಸ್ತೂಲು ತರಿಸ್ಕೊಳಿ, ನಮ್ಮವ್ವನ್ನ ಬಿಡಿ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವಳೇ ಮಾತಾಡಿದಳು. ಗಟ್ಟಿಯಾಗೇನೂ ಅಲ್ಲ, ಸೊಪ್ಪಿಗೆ ಎಷ್ಟು ಅಂತ ಕೇಳಿದ್ರೆ ಹೇಳೋ ಹಂಗೆ.

"ಹೊತ್ತಿದ್ದು ನಾನೇ. ಬುಟ್ಟೀಲೋ ಹೊಟ್ಟೇಲೋ ಅಂತ ನಿಮ್ಮ ಪುಸ್ತಕಕ್ಕೆ ಯಾಕೆ?"

ವಾರಿಜಮ್ಮನೋರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕ್ಕೊಂಡ್ರು. ಆಮೇಲೆ ಬರೆಯೋಕೆ ಶುರು ಮಾಡಿ, ಬರೆದಿದ್ದನ್ನ ಎಲ್ರಿಗೂ ಕೇಳೋ ಹಂಗೆ ಓದಿದ್ರು: ತೊಳಸವ್ವ ಹೊತ್ತ ಮಗ ಗವಿಯಪ್ಪ. ಬಾಗಿಲು ಕಾಯೋನೂ ಹೊತ್ತೋರ ಹೆಸರನ್ನೇ ತಾನೇ ಬರೆದಿದ್ದು, ಇದೂ ಅದೇ ಪುಸ್ತಕದ ಮುಂದಿನ ಪುಟ, ಸಾಕು ಅಂದ್ರು. ಭೃಂಗೇಶಪ್ಪನೋರು ಇನ್ನೂ ಏನೋ ಕೇಳೋಕೆ ಹೊರಟ್ರು, ಕನ್ನಡಕ ಮೂಗಿನ ತುದೀಗೆ ಬಂತು, ಸುಮ್ನಾದ್ರು. ಜೇಬಿಂದ ಕಾಗದ ತೆಗೆದು ನಾಲ್ಕಾಗಿ ಹರಿದು, ಎಲ್ಲಿ ಹಾಕ್ಲಿ ಅಂತ ಸುತ್ತ ನೋಡಿದ್ರು. ನಿಂಗಿ ತನ್ನ ಕುರ್ಚಿ ಮೇಲಿದ್ದ ಬಕೀಟು ತೋರಿಸಿದಳು.

ಮನೇಗೆ ಹೋಗೋವಾಗ ಬುಟ್ಟಿ ನಾನು ಹೊತ್ಕೊಂಡೆ. ಅವಳು ಪಕ್ಕದಲ್ಲಿ ನಡೀತಿದ್ದಳು. ಕೇಳ್ಲಾ ಬೇಡ್ವಾ ಅಂತ ಹುಣಸೇಮರದವರೆಗೂ ಯೋಚ್ನೆ ಮಾಡಿದೆ. ಅವ್ವಾ ಅಂದೆ. ಏನ್ಲಾ ಅಂದಳು. ಏನಿಲ್ಲ ಅಂದೆ. ಹತ್ತು ಹೆಜ್ಜೆ ಹೋದ್ಮೇಲೆ ಅವಳೇ ಹೇಳಿದಳು, "ಬದನೆಕಾಯಿ ಅಂತೂ ಇತ್ತು ಕಣ್ಲಾ." ಅಷ್ಟೇ. ಅವತ್ತಿನಿಂದ ಇವತ್ತಿನವರೆಗೂ ನಾನು ಕೇಳಿಲ್ಲ, ಅವಳು ಹೇಳಿಲ್ಲ. ಊರಲ್ಲಿ ಎರಡು ಪಕ್ಷ ಐತೆ. ರಕ್ತ ಇಲ್ದೆ ಬಿಕ್ಕಳಿಕೆ ಬರಲ್ಲ ಅನ್ನೋರು ಒಂದು ಕಡೆ, ಒಂದೇ ಬುಟ್ಟಿ ಅನ್ನ ಉಂಡ್ರೂ ಬರುತ್ತೆ ಅನ್ನೋರು ಒಂದು ಕಡೆ. ಹೋಟೆಲಲ್ಲಿ ಕೂತು ವಾದ ಮಾಡ್ತಾರೆ, ನಾನು ಹೋದ್ರೆ ನಂಗೂ ಒಂದು ಕಾಫಿ ಹೇಳ್ತಾರೆ. ನಾನು ಎರಡೂ ಪಕ್ಷದ ಕಾಫಿ ಕುಡೀತೀನಿ.

ಶುಕ್ರವಾರ ಬೆಳಿಗ್ಗೆ ಲೈಬ್ರರೀಲಿ ಎರಡು ಕೆಂಪು ಬಟ್ಟೆ ಸುತ್ತಿದ್ರು, ಬಾಗಿಲು ಕಾಯೋನ ಹಳೇ ಪುಸ್ತಕಕ್ಕೆ ಒಂದು, ಒಂದೇ ಪುಟದ ನಮ್ಮ ಹೊಸ ಪುಸ್ತಕಕ್ಕೆ ಒಂದು. ಛತ್ರದಲ್ಲಿ ಇಪ್ಪತ್ತೆರಡು ಮಕ್ಕಳು, ನಲವತ್ನಾಲ್ಕು ಕಿವಿ. ಒಂದೂ ತಪ್ಪಲಿಲ್ಲ. ಭೃಂಗೇಶಪ್ಪನೋರ ಮೊಮ್ಮಗಳಿಗೆ ತಪ್ಪಿದ ತೂತಿನ ಕೆಳಗೆ ಸರಿಯಾದ್ದೊಂದು ಹಾಕಿದ್ದೆ. ಮೇಲಿನ ತೂತಿಗೂ ಅವರಜ್ಜಿ ಒಂದು ಸಣ್ಣ ಹರಳು ಹಾಕಿಸಿದ್ರು, ಅದು ಎಷ್ಟು ಚೆಂದ ಕಾಣ್ತು ಅಂದ್ರೆ ಅವತ್ತು ಇಬ್ರು ತಾಯಂದಿರು ಗವಿಯಪ್ಪಾ, ನಮ್ಮ ಮಗೂಗೂ ಒಂದು ತಪ್ಪು ತೂತು ಹಾಕು ಅಂತ ಕೇಳಿದ್ರು. ಬಿಕ್ಕಳಿಕೆ ಬಂದ್ರೆ ತಾನೇ ತಾಯಿ, ನಾನಾಗಿ ಹಾಕಿದ್ರೆ ಆ ಅಂದ ಬರಲ್ಲ ಅಂದೆ.

ಕೊನೇ ಮಗೂಗೆ ಅರಿಶಿನ ಹಚ್ಚಿ, ಕೈ ತೊಳ್ಕೊಂಡು, ಊಟಕ್ಕೂ ಕೂರದೆ ಲೈಬ್ರರಿಗೆ ಹೋದೆ. ಬಟ್ಟೆ ಬಿಚ್ಚಿ ಅಮ್ಮಾವ್ರೆ, ಒಂದ್ಸಲ ಓದಿಸ್ಬೇಕು ಅಂದೆ. ಏನು ಹುಡುಕ್ತಾ ಇದೀಯ ಇನ್ನೂ, ಸಿಕ್ಕಿತಲ್ಲ ಅಂದ್ರು. ಹುಡುಕೋಕಲ್ಲ, ಸುಮ್ನೆ ಅಂದೆ. ಅವರು ನನ್ನ ಮುಖ ನೋಡಿ ಹಲಗೆ ಹತ್ರ ಹೋಗಿ ಸುಣ್ಣದ ಕಡ್ಡಿ ತಗೊಂಡ್ರು. ಮನೆತನ, ಸೊಪ್ಪಿನ ದ್ಯಾವಿ. ಓದಿಸೋರು, ಗವಿಯಪ್ಪ. ನನ್ನ ಹೆಸರನ್ನ ಅಷ್ಟು ದೊಡ್ಡ ಅಕ್ಷರದಲ್ಲಿ ನಾನು ನೋಡಿರ್ಲಿಲ್ಲ. ಗ ಮಾತ್ರ ಗುರ್ತು ಸಿಕ್ತು, ಉಳಿದದ್ದನ್ನ ಅವರು ಬೆರಳಿಟ್ಟು ತೋರಿಸಿದ್ರು. ನಾನು ಚೊಂಬು ತುಂಬಿಸ್ಕೊಂಡು ಮೆಟ್ಟಿಲ ಮೇಲೆ ನಿಂತೆ. ಎದುರಿಗೆ ಸಂತೆ. ಒಳಗೆ ಗಂಟೆ ಹೊಡೆದ್ರು. ಸಂತೆಯೋರಿಗೆ ಗಂಟೆ ತಮಗೆ ಅಂತ ಇನ್ನೂ ರೂಢಿ ಇರ್ಲಿಲ್ಲ, ಯಾರೂ ತಕ್ಕಡಿ ಇಳಿಸ್ಲಿಲ್ಲ.

ವಾರಿಜಮ್ಮನೋರು ಓದಿದ್ರು. ಮೂರು ಸಲ ನನ್ನ ಎದೆ ಬಡೀತು, ಚೊಂಬಿನ ನೀರು ಕಾಲ ಮೇಲೆ ಬಿತ್ತು. ಆಚೆ ಸಾಲಲ್ಲಿ ತಕ್ಕಡಿಗಳು ಎಗರಿದ್ವು, ಒಂದು ಗುಡ್ಡೆ ನಿಂಬೆಹಣ್ಣು ರಸ್ತೆಗೆ ಉರುಳ್ತು. ಅವರಿಗೆ ಬೈಯೋ ಪದ್ಧತಿ ಗೊತ್ತೋ ಇಲ್ವೋ ಅಂತ ನಂಗೆ ಭಯ ಆಯ್ತು. ಆಗ ಮಧ್ಯದಿಂದ ಒಂದು ಮುದಿ ದನಿ ಬಂತು. ಲೋ ಗವಿಯಾ, ಗಿರಾಕಿ ಮುಂದೆ ಮಾನ ಕಳೀತೀಯಲ್ಲೋ, ಮನೇಗೆ ಬಾ ನೀನು, ಮುದ್ದೆ ಕೋಲಲ್ಲೇ ಬಾರಿಸ್ತೀನಿ ಅಂತ. ಅದರ ಹಿಂದೆ ಇನ್ನೊಂದು, ಆಮೇಲೆ ನಾಲ್ಕು, ಆಮೇಲೆ ಇಡೀ ಸಾಲು. ಲೇ ಗವಿಯಪ್ಪಾ, ಏ ಕಿವಿ ಚುಚ್ಚೋನೇ, ಅಣ್ಣಾ ಅನ್ನಿಸ್ಕೊಳೋ ಮುಖಾನೇನೋ ಅದು, ಮಾವಾ ಅಂತ ಕರೆದ್ರೆ ನಮ್ಮ ನಿಂಬೆಹಣ್ಣು ಯಾರು ಆರಿಸ್ತಾರೆ. ಚೊಂಬಲ್ಲಿ ಅರ್ಧ ನೀರು ಉಳಿದಿತ್ತು, ಗಂಟಲು ಒಣಗಿತ್ತು. ಅವರೆಲ್ಲ ಬೈದು ಮುಗಿಸೋವರೆಗೂ ನಾನು ಒಂದು ಗುಟುಕೂ ಕುಡೀಲಿಲ್ಲ.